ಗೌರಿ ಹಬ್ಬಕ್ಕೆ ಒಂದು ಪಾರ್ಸೆಲ್

2025ರ ವರಮಹಾಲಕ್ಷ್ಮಿ ಹಬ್ಬ ಕಳೆದ ಮೂರ್ನಾಲ್ಕು ದಿನಕ್ಕೆ ಅಮೆರಿಕದ ಅಂಚೆ ಇಲಾಖೆಯಿಂದ ನನ್ನ ಮೊಬೈಲಿಗೆ ಒಂದು ಸೂಚನೆ ಬಂತು. ಹೊರದೇಶದಿಂದ ನಮ್ಮ ವಿಳಾಸಕ್ಕೆ ಪಾರ್ಸೆಲ್ ಹೊರಟಿದೆ ಎಂದಿತ್ತು. ಇಲ್ಲಿ ‘ಇನ್‌ಫಾರ್ಮ್ಡ್ ಡೆಲಿವರಿ’ ಎಂಬ ಉಚಿತ ಸೌಲಭ್ಯವಿದೆ. ಹೆಸರು ಕೊಟ್ಟಿದ್ದರೆ ಆ ದಿನ ಬರಲಿರುವ ಕಾಗದಗಳ ಚಿತ್ರವನ್ನು ಬೆಳಿಗ್ಗೆಯೇ ಕಳುಹಿಸುತ್ತಾರೆ, ದಾರಿಯಲ್ಲಿರುವ ಪಾರ್ಸೆಲ್ಲುಗಳ ಸಂಖ್ಯೆಯನ್ನೂ ತಿಳಿಸುತ್ತಾರೆ. ಕಳುಹಿಸಿದವರು ಯಾರೆಂದು ಮಾತ್ರ ಅದರಲ್ಲಿ ಇರಲಿಲ್ಲ. ನಾವು ಯಾರೂ ಏನನ್ನೂ ತರಿಸಿರಲಿಲ್ಲ.

ಸಂಖ್ಯೆಯನ್ನೇ ಓದಲು ಕುಳಿತೆ. ಮೊದಲು ಎರಡು ಅಕ್ಷರ, ನಡುವೆ ಒಂಬತ್ತು ಅಂಕಿ, ಕೊನೆಗೆ ಮತ್ತೆ ಎರಡು ಅಕ್ಷರ. 1874ರಲ್ಲಿ ಬರ್ನ್ ನಗರದಲ್ಲಿ ಹುಟ್ಟಿದ ವಿಶ್ವ ಅಂಚೆ ಒಕ್ಕೂಟ ಎಲ್ಲ ದೇಶಗಳಿಗೂ ಒಂದೇ ಮಾದರಿ ಇರಲೆಂದು ಇದನ್ನು ಗೊತ್ತುಮಾಡಿದೆ. ಮೊದಲ ಅಕ್ಷರ ‘ಸಿ’ ಆಗಿದ್ದರೆ ಅದು ಪಾರ್ಸೆಲ್. ಕೊನೆಯ ಎರಡು ಅಕ್ಷರ ಹೊರಟ ದೇಶದ ಗುರುತು. ನನ್ನ ಸಂಖ್ಯೆಯ ಕೊನೆಯಲ್ಲಿ ‘ಐಎನ್’ ಇತ್ತು. ಭಾರತೀಯ ಅಂಚೆಯ ಜಾಲತಾಣದಲ್ಲಿ ಹಾಕಿ ನೋಡಿದರೆ, ಬುಕ್ ಆದ ಊರು ಮೈಸೂರು!

ಮೈಸೂರು ನನ್ನ ತವರು.

ಕೂಡಲೇ ಅತ್ತಿಗೆಗೆ ಫೋನ್ ಮಾಡಿದೆ. “ನಾನು ಏನೂ ಕಳಿಸಿಲ್ಲವಲ್ಲಮ್ಮ, ನಿಮ್ಮಣ್ಣನನ್ನು ಕೇಳುತ್ತೇನೆ ಇರಿ” ಎಂದರು. ಅಣ್ಣ ಹಿಂದಿನಿಂದಲೇ “ನಾನು ಅಂಚೆ ಕಚೇರಿಯ ಮೆಟ್ಟಿಲು ಹತ್ತಿ ಎಷ್ಟು ಕಾಲವಾಯಿತೋ” ಎಂದ. ದೊಡ್ಡಮ್ಮನ ಮಗಳೂ ತಾನಲ್ಲ ಎಂದಳು. ಮೈಸೂರಿನಲ್ಲಿ ನನ್ನ ವಿಳಾಸ ಗೊತ್ತಿರುವವರು ಅಷ್ಟೇ ಎಂದುಕೊಂಡಿದ್ದೆ. ಪಾರ್ಸೆಲ್ ಮೈಸೂರು ಬಿಟ್ಟು ಬೆಂಗಳೂರಿನ ವಿದೇಶಿ ಅಂಚೆ ಕಚೇರಿ ಸೇರಿತು. ಅಲ್ಲಿಂದ ಮುಂದೆ ಸುದ್ದಿ ಇಲ್ಲ.

ನಾವಿರುವುದು ಮಿನೆಸೋಟಾ ರಾಜ್ಯದ ಮೇಪಲ್ ಗ್ರೋವ್‌ನಲ್ಲಿ. ಆಗಸ್ಟ್ ಅಂತ್ಯಕ್ಕೆ ಬೆಳಗಿನ ಗಾಳಿಯಲ್ಲಿ ಸಣ್ಣ ಚಳಿ ಸೇರಿಕೊಳ್ಳುತ್ತದೆ. ಅಂಗಡಿಗಳ ಮುಂದೆ ಕುಂಡದಲ್ಲಿ ಸೇವಂತಿಗೆ ಬರುವುದೂ ಆಗಲೇ. ಇಲ್ಲಿನವರಿಗೆ ಅದು ಶರದೃತುವಿನ ಗುರುತು, ನನಗೆ ಗೌರಿ ಬರುವ ಗುರುತು. ಮಾವಿನ ಎಲೆ ಸಿಕ್ಕರೆ ಪುಣ್ಯ, ಕೇದಿಗೆಯ ಆಸೆಯನ್ನು ಎಂದೋ ಬಿಟ್ಟಾಗಿದೆ. ಆದರೆ ಸೇವಂತಿಗೆಯನ್ನು ಮಾತ್ರ ಈ ಊರು ಯಾವ ವರ್ಷವೂ ತಪ್ಪಿಸಿಲ್ಲ.

ಗೌರಿ ಹಬ್ಬಕ್ಕೂ ತವರಿಗೂ ಇರುವ ನಂಟನ್ನು ಹಳೆಯ ಮೈಸೂರಿನ ಕಡೆಯ ಹೆಣ್ಣುಮಕ್ಕಳಿಗೆ ಬಿಡಿಸಿ ಹೇಳಬೇಕಿಲ್ಲ. ಭಾದ್ರಪದ ಶುಕ್ಲ ತದಿಗೆಯ ದಿನ ಗೌರಿ ತವರಿಗೆ ಬರುತ್ತಾಳೆ, ಮರುದಿನ ಮಗ ಗಣಪ ಕರೆದೊಯ್ಯಲು ಬರುತ್ತಾನೆ. ಅದೇ ಹೊತ್ತಿಗೆ ಮದುವೆಯಾದ ಹೆಣ್ಣುಮಗಳಿಗೆ ತವರಿನಿಂದ ಬಾಗಿನ ಬರಬೇಕು. ಹೋಗಿ ಕೊಡಲಾಗದಿದ್ದರೆ ಅರಿಶಿನ ಕುಂಕುಮಕ್ಕೆಂದು ಹಣವಾದರೂ ಬರಬೇಕು. ನನ್ನ ಅಮ್ಮನಿಗೆ ಸೋದರಮಾವ ಮನಿಯಾರ್ಡರ್ ಕಳುಹಿಸುತ್ತಿದ್ದರು. ಫಾರಂನ ಕೆಳತುದಿಯಲ್ಲಿ ನಾಲ್ಕು ಸಾಲು ಬರೆಯಲು ಜಾಗವಿರುತ್ತಿತ್ತು. ಹಣ ಖರ್ಚಾಗುತ್ತಿತ್ತು, ಆ ಚೀಟಿಯನ್ನು ಅಮ್ಮ ಕುಂಕುಮದ ಭರಣಿಯ ಕೆಳಗೆ ಇಟ್ಟುಕೊಳ್ಳುತ್ತಿದ್ದರು. ನನಗೆ ಮದುವೆಯಾದ ಮೇಲೆ ಅಮ್ಮ ಇರುವವರೆಗೆ ಯಾರ ಕೈಯಲ್ಲಾದರೂ ಒಂದು ರವಿಕೆ ಕಣ, ಒಂದು ಡಜನ್ ಬಳೆ ಬಂದು ಸೇರುತ್ತಿತ್ತು. ಅಮ್ಮ ಹೋದ ಮೇಲೆ ಅಣ್ಣ ಅಲ್ಲಿನ ನನ್ನ ಬ್ಯಾಂಕ್ ಖಾತೆಗೆ ಹಣ ಹಾಕುತ್ತಾನೆ, ಒಂದು ವರ್ಷವೂ ಮರೆತಿಲ್ಲ. ಹಣ ಸೇರಿದೆ ಎಂದು ಮೊಬೈಲ್ ಹೇಳುತ್ತದೆ. ಅಣ್ಣನ ಪ್ರೀತಿಯಲ್ಲಿ ನನಗೆ ಎಳ್ಳಷ್ಟೂ ಸಂದೇಹವಿಲ್ಲ. ಆದರೂ ಗೌರಿಯ ಮುಂದೆ ಇಟ್ಟು ಕೈಮುಗಿಯಲು ತವರಿನದೊಂದು ವಸ್ತು ಬೇಕು ಎಂದು ಮನಸ್ಸು ಕೇಳುತ್ತಲೇ ಇತ್ತು.

ಹಾಗಾಗಿ ಆ ಪಾರ್ಸೆಲ್ಲಿನಲ್ಲಿ ಏನಿರಬಹುದು ಎಂಬುದು ನನಗೆ ಬರೀ ಕುತೂಹಲವಾಗಿ ಉಳಿಯಲಿಲ್ಲ. ಹಬ್ಬದ್ದೇ ಇರಬಹುದೇ ಎಂಬ ಆಸೆ ಮೊಳೆತುಬಿಟ್ಟಿತ್ತು. ಯಜಮಾನರು ಪುಸ್ತಕವಿರಬೇಕು ಎಂದರು. ಮಗಳು ನಂಜನಗೂಡಿನ ಹಲ್ಲುಪುಡಿಯಿಂದ ಮೈಸೂರು ಪಾಕಿನವರೆಗೆ ತಾನು ಕಂಡ, ಕೇಳಿದ ಎಲ್ಲದರ ಹೆಸರನ್ನೂ ಹೇಳಿದಳು. ಸೀರೆಯೇ? ಸೀರೆಯಾದರೆ ಅತ್ತಿಗೆಗೆ ಗೊತ್ತಿಲ್ಲದೆ ಬರುವುದು ಸಾಧ್ಯವಿಲ್ಲ. ಮೊರದ ಬಾಗಿನವೇ? ಅದನ್ನು ಯೋಚಿಸಿದರೆ ಆಸೆಗಿಂತ ಭಯವೇ ಹೆಚ್ಚಾಗುತ್ತಿತ್ತು. ಬಾಗಿನವೆಂದರೆ ಅಕ್ಕಿ ಇರಲೇಬೇಕು. ಭಾರತದಿಂದ ಅಮೆರಿಕಕ್ಕೆ ಮನೆಬಳಕೆಯ ಅಕ್ಕಿಯನ್ನು ಚೀಲದಲ್ಲಿ ತರುವಂತಿಲ್ಲ, ಅಂಚೆಯಲ್ಲಿ ಕಳುಹಿಸುವಂತಿಲ್ಲ. ಖಾಪ್ರಾ ಎಂಬ ಸಣ್ಣ ಜೀರುಂಡೆ ಕಾಳಿನ ಜೊತೆ ಬಂದು ಸೇರಿಬಿಟ್ಟರೆ ಗೋದಾಮುಗಳೇ ಹಾಳಾಗುತ್ತವೆ ಎಂಬ ಹೆದರಿಕೆ ಇವರಿಗೆ. ಒಂದು ಹಿಡಿ ಅಕ್ಕಿ ಸಿಕ್ಕಿದರೆ ತೆಗೆದು ಎಸೆಯುತ್ತಾರೆ. ಬಾಗಿನದ ಅಕ್ಕಿಯನ್ನು ಯಾರೋ ಕೈಗವಸು ಹಾಕಿ ಕಸಕ್ಕೆ ಸುರಿಯುವುದನ್ನು ನೆನೆದು ಸಂಕಟವಾಗುತ್ತಿತ್ತು.

ಆಗಸ್ಟ್ 23ರ ಶನಿವಾರ ಮತ್ತೊಂದು ಸುದ್ದಿ ಬಂತು. 800 ಡಾಲರ್‌ಗಿಂತ ಕಡಿಮೆ ಬೆಲೆಯ ವಸ್ತುಗಳಿಗೆ ಇದ್ದ ಸುಂಕ ವಿನಾಯಿತಿಯನ್ನು ಅಮೆರಿಕ ಸರ್ಕಾರ 29ರಿಂದ ತೆಗೆದುಹಾಕುವುದೆಂದು ಜುಲೈ 30ರಂದೇ ಆದೇಶವಾಗಿತ್ತು. ಸುಂಕವನ್ನು ಯಾರು ವಸೂಲಿ ಮಾಡಬೇಕು, ಹೇಗೆ ಕಟ್ಟಬೇಕು ಎಂಬುದೇ ಸ್ಪಷ್ಟವಾಗದೆ ವಿಮಾನ ಸಂಸ್ಥೆಗಳು ಅಂಚೆ ಚೀಲ ಒಯ್ಯಲು ಒಪ್ಪದಾದವು. 25ರಿಂದ ಅಮೆರಿಕಕ್ಕೆ ಕಾಗದ ಪತ್ರಗಳು ಮತ್ತು 100 ಡಾಲರ್‌ವರೆಗಿನ ಉಡುಗೊರೆಗಳನ್ನು ಬಿಟ್ಟು ಬೇರೇನನ್ನೂ ಸ್ವೀಕರಿಸುವುದಿಲ್ಲ ಎಂದು ಭಾರತೀಯ ಅಂಚೆ ಪ್ರಕಟಿಸಿತು. ತಿಂಗಳ ಕೊನೆಗೆ ಅವೂ ನಿಂತುಹೋದವು. ನಮ್ಮ ಕನ್ನಡ ಬಳಗದ ವಾಟ್ಸ್ಆ್ಯಪ್ ತುಂಬ ಅದೇ ಮಾತು. ಒಬ್ಬರ ಔಷಧ, ಇನ್ನೊಬ್ಬರ ಮಗಳ ಅರಂಗೇಟ್ರಂನ ಒಡವೆ, ಎಲ್ಲವೂ ನಡುದಾರಿಯಲ್ಲಿ. ನನ್ನ ಪಾರ್ಸೆಲ್ ವಿಮಾನ ಹತ್ತಿತೋ ಬೆಂಗಳೂರಿನ ಯಾವುದೋ ಕೋಣೆಯಲ್ಲಿ ಉಳಿಯಿತೋ, ನೋಡಿದಾಗಲೆಲ್ಲ ಜಾಲತಾಣದಲ್ಲಿ ಅದೇ ಹಳೆಯ ಸಾಲು.

ಹಬ್ಬ ಕಾಯುವುದಿಲ್ಲ. ಆ ವರ್ಷವಂತೂ ಇಲ್ಲಿಗೆ ಒಂದು ದಿನ ಮೊದಲೇ ಬಂದುಬಿಟ್ಟಿತು. ಭಾರತದಲ್ಲಿ ತದಿಗೆ ಶುರುವಾದದ್ದು 25ರ ಮಧ್ಯಾಹ್ನ ಹನ್ನೆರಡೂವರೆಗೆ, ಮುಗಿದದ್ದು 26ರ ಮಧ್ಯಾಹ್ನ ಎರಡರ ಹೊತ್ತಿಗೆ. ಹಾಗಾಗಿ ಅಲ್ಲಿ ಗೌರಿ ಮಂಗಳವಾರ. ನಾವು ಹತ್ತೂವರೆ ಗಂಟೆ ಹಿಂದೆ ಇದ್ದೇವೆ. ಇಲ್ಲಿನ ಗಡಿಯಾರದಲ್ಲಿ ತದಿಗೆ ಸೋಮವಾರ ನಸುಕಿನಲ್ಲೇ ಹಿಡಿದು ಮಂಗಳವಾರ ಸೂರ್ಯ ಹುಟ್ಟುವ ಮೊದಲೇ ಮುಗಿದಿತ್ತು. ಊರಿನ ಕ್ಯಾಲೆಂಡರ್ ನೋಡಿ ಮಾಡುವವರೂ ಇದ್ದಾರೆ, ಅವರದನ್ನು ತಪ್ಪು ಎನ್ನಲಾರೆ. ನಾನು ಇರುವ ನೆಲದ ಸೂರ್ಯೋದಯವನ್ನೇ ನಂಬುತ್ತೇನೆ. ಸೋಮವಾರ ಕಚೇರಿಗೆ ರಜೆ ಹಾಕಿ, ನಸುಕಿನಲ್ಲೇ ಎದ್ದು, ಅರಿಶಿನದ ಗೌರಿ ಮಾಡಿ, ಗೆಜ್ಜೆವಸ್ತ್ರ ಏರಿಸಿ, ಹದಿನಾರು ಗಂಟಿನ ದಾರಕ್ಕೆ ಪೂಜೆ ಮಾಡಿ ಕಟ್ಟಿಕೊಂಡೆ. ಮಗಳಿಗೂ ಕಟ್ಟಿದೆ. ಶಾಲೆಯಲ್ಲಿ ಯಾರಾದರೂ ಕೇಳಿದರೆ ಏನು ಹೇಳಲಿ ಎಂದಳು. ಗೌರಿದಾರ ಎಂದೇ ಹೇಳು ಎಂದೆ. ಒಬ್ಬಟ್ಟು, ಕೋಸಂಬರಿ, ಚಿತ್ರಾನ್ನ ಎಲ್ಲವೂ ಆಯಿತು. ಬಾಗಿನಕ್ಕೆ ಮಾತ್ರ ಪ್ರತಿ ವರ್ಷದಂತೆ ಎರಡು ಸ್ಟೀಲ್ ತಟ್ಟೆಗಳನ್ನು ಒಂದರ ಮೇಲೊಂದು ಮುಚ್ಚಿದೆ. ಮರುದಿನ ಗಣಪನೂ ಬಂದು ಕುಳಿತ.

ಗುರುವಾರ ಮಧ್ಯಾಹ್ನ ಬಾಗಿಲಲ್ಲಿ ಪೆಟ್ಟಿಗೆ ಇತ್ತು.

ಹಗುರವಾಗಿತ್ತು. ಗಾತ್ರ ನೋಡಿದರೆ ಅಷ್ಟು ಹಗುರ ಇರಬಾರದು ಎನ್ನಿಸುವಷ್ಟು. ಒಂದು ಬದಿಯಲ್ಲಿ ಸುಂಕದವರು ಕತ್ತರಿಸಿ ನೋಡಿ ಮತ್ತೆ ಅಂಟಿಸಿದ ಟೇಪು. ಕಸ್ಟಮ್ಸ್ ಚೀಟಿಯಲ್ಲಿ ಇಂಗ್ಲಿಷಿನಲ್ಲಿ ‘ಬಿದಿರಿನ ತಟ್ಟೆ, ಗಾಜಿನ ಬಳೆ, ಹತ್ತಿ ಬಟ್ಟೆ, ಉಡುಗೊರೆ’ ಎಂದು ಬರೆದಿತ್ತು. ಬಿದಿರು ಎಂಬುದನ್ನು ಓದಿದ ಕೂಡಲೇ ಗೊತ್ತಾಗಿಹೋಯಿತು. ಕಳುಹಿಸಿದವನ ಹೆಸರಿನ ಜಾಗದಲ್ಲಿ ಅಣ್ಣನ ಮಗನ ಹೆಸರು! ಅವನಿಗೆ ಮೈಸೂರಿನಲ್ಲೇ ಕೆಲಸ ಸಿಕ್ಕಿ ವರ್ಷ ತುಂಬಿರಲಿಲ್ಲ. ಇವನು ಕಳುಹಿಸಿರಬಹುದೆಂದು ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

ಒಳಗೆ ಎರಡು ಮೊರ, ಒಂದರೊಳಗೊಂದು ಕೂರಿಸಿದ್ದು. ಅಕ್ಕಿ ಕೇರುವ ದೊಡ್ಡ ಮೊರವಲ್ಲ, ಹಬ್ಬಕ್ಕೆಂದೇ ಮೇದರು ಹೆಣೆಯುವ ಪುಟ್ಟ ಮೊರಗಳು. ಅರಿಶಿನ ಬಳಿದು, ಕುಂಕುಮದ ಬೊಟ್ಟಿಟ್ಟು, ಚೆನ್ನಾಗಿ ಒಣಗಿಸಿದ್ದರು. ಇಷ್ಟು ದೂರ ಬಂದರೂ ಅರಿಶಿನದ ವಾಸನೆ ಹೋಗಿರಲಿಲ್ಲ. ನಡುವೆ ಎರಡು ರವಿಕೆ ಕಣ, ಅದರ ಮಡಿಕೆಗಳಲ್ಲಿ ಸುತ್ತಿದ ಹಸಿರು ಬಳೆ, ಕಪ್ಪು ಬಳೆ. ಒಂದೂ ಹೆಚ್ಚಿರಲಿಲ್ಲ. ಕರಿಮಣಿ, ಬಿಚ್ಚೋಲೆ, ಸಣ್ಣ ಕನ್ನಡಿ, ಮರದ ಬಾಚಣಿಗೆ, ಕಾಡಿಗೆ, ಅರಿಶಿನ ಕುಂಕುಮದ ಪೊಟ್ಟಣ. ಅಕ್ಕಿಯ ಒಂದು ಕಾಳೂ ಇರಲಿಲ್ಲ. ಬದಲಿಗೆ ಒಂದು ಚೀಟಿ. “ಅತ್ತೆ, ಅಕ್ಕಿ, ತೊಗರಿಬೇಳೆ, ಹೆಸರುಬೇಳೆ, ರವೆ, ಉಪ್ಪು, ಅಚ್ಚು ಬೆಲ್ಲ, ತೆಂಗಿನಕಾಯಿ ಇವನ್ನು ಅಲ್ಲಿಯೇ ಹಾಕಿಕೊಳ್ಳಿ. ಕಳುಹಿಸಿದರೆ ತೆಗೆದುಬಿಡುತ್ತಾರೆ ಎಂದು ಓದಿದೆ. ಅಜ್ಜಿ ಹಾಕುತ್ತಿದ್ದ ಎಲ್ಲವೂ ಇದರಲ್ಲಿ ಬಂದಿದೆಯೇ ಹೇಳಿ.”

ನಾನು ಅಡುಗೆಮನೆಯ ನೆಲದ ಮೇಲೆಯೇ ಕುಳಿತುಬಿಟ್ಟೆ. ಅವನು ಚಿಕ್ಕವನಿದ್ದಾಗ ಅಮ್ಮ ಬಾಗಿನಗಳನ್ನು ಜೋಡಿಸಿ ಕೊಟ್ಟರೆ ಸೈಕಲ್ಲಿನಲ್ಲಿ ಹಿಂದೆಮುಂದೆ ಕಟ್ಟಿಕೊಂಡು ನೆಂಟರ ಮನೆಗಳಿಗೆ ತಲುಪಿಸುತ್ತಿದ್ದ. ಹುಡುಗರು ಇಂಥವನ್ನು ಗಮನಿಸುವುದಿಲ್ಲ ಎಂದು ನಾವೇ ಹೇಳಿಕೊಂಡು ಬಂದಿದ್ದೇವೆ. ಅವನು ಒಂದೊಂದನ್ನೂ ಗಮನಿಸಿದ್ದ.

ಗೌರಿ ಇನ್ನೂ ಮನೆಯಲ್ಲೇ ಇದ್ದಳು. ಗಣಪನನ್ನು ಐದು ದಿನ ಇಟ್ಟು, ತಾಯಿ ಮಗ ಇಬ್ಬರನ್ನೂ ಒಟ್ಟಿಗೆ ಕಳುಹಿಸುವುದು ನಮ್ಮ ಪದ್ಧತಿ. ಅಂದರೆ ಶನಿವಾರದವರೆಗೆ ಹೊತ್ತಿತ್ತು. ಇಂಡಿಯನ್ ಅಂಗಡಿಗೆ ಹೋಗಿ ಬೇಳೆ ಬೆಲ್ಲ ಹೊಸದಾಗಿ ತಂದೆ, ಮನೆಯಲ್ಲಿದ್ದ ಡಬ್ಬದಿಂದ ತೆಗೆದು ಹಾಕಲು ಮನಸ್ಸಾಗಲಿಲ್ಲ. ಒಂದೇ ಒಂದು ತೊಡಕು. ತವರಿನ ಬಾಗಿನವನ್ನು ಯಾರಾದರೂ ಎದುರು ನಿಂತು ಕೊಡಬೇಕು, ನಾವು ಸೆರಗೊಡ್ಡಿ ತೆಗೆದುಕೊಳ್ಳಬೇಕು. ನನಗೆ ನಾನೇ ಕೊಟ್ಟುಕೊಳ್ಳುವುದು ಹೇಗೆ?

ಶನಿವಾರ ಸಂಜೆ ಅರಿಶಿನ ಕುಂಕುಮಕ್ಕೆ ಬಂದವರಲ್ಲಿ ಧಾರವಾಡದ ಗೆಳತಿಯೊಬ್ಬಳಿದ್ದಳು. ಅವರ ಕಡೆ ಗೌರಿಯ ಸಂಭ್ರಮವೆಲ್ಲ ದೀಪಾವಳಿ ಕಳೆದ ಮೇಲೆ ಬರುವ ಗೌರಿ ಹುಣ್ಣಿಮೆಗೆ. ಸಕ್ಕರೆಯ ಗೊಂಬೆಗಳನ್ನು ತಟ್ಟೆಯಲ್ಲಿಟ್ಟು ಹೆಣ್ಣುಮಕ್ಕಳು ಆರತಿ ಬೆಳಗುತ್ತಾರೆ. ಮೊರದ ಬಾಗಿನವನ್ನು ಅವಳು ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ಪ್ರತಿಯೊಂದನ್ನೂ ಎತ್ತಿ ಕೇಳಿ ತಿಳಿದುಕೊಂಡಳು. ಆಮೇಲೆ ಯಾರೂ ಹೇಳದೆಯೇ ಸೆರಗು ಹೊದ್ದು ಎದ್ದು ನಿಂತು, “ನಾನೇ ನಿಮ್ಮ ತವರಿನವಳು, ತೆಗೆದುಕೊಳ್ಳಿ” ಎಂದು ಎರಡೂ ಕೈಯಲ್ಲಿ ಮೊರ ಹಿಡಿದಳು. ನಾನು ಸೆರಗೊಡ್ಡಿದೆ. ಅಕ್ಕಿ ಬೇಳೆ ತುಂಬಿದ ಮೊರದ ತೂಕ ಎಷ್ಟಿರುತ್ತದೆ ಎಂಬುದನ್ನು ನನ್ನ ಕೈಗಳು ಮರೆತೇಬಿಟ್ಟಿದ್ದವು. ಮಗಳು ಫೋಟೊ ತೆಗೆದು ಅವನಿಗೆ ಕಳುಹಿಸಿದಳು.

ಅಲ್ಲಿ ಬೆಳಗಾದ ಮೇಲೆ ಫೋನ್ ಮಾಡಿದೆ. ಮನೆಯಲ್ಲಿ ಯಾಕೋ ಹೇಳಲಿಲ್ಲ ಎಂದರೆ, “ಹೇಳಿದ್ದರೆ ಅಮ್ಮ ಇನ್ನೂ ನಾಲ್ಕು ಸಾಮಾನು ಸೇರಿಸುತ್ತಿದ್ದರು, ಪೆಟ್ಟಿಗೆ ಮುಚ್ಚಲು ಆಗುತ್ತಿರಲಿಲ್ಲ” ಎಂದ. ಮೊರ ತಂದದ್ದು ಬಂಬೂ ಬಜಾರಿನಿಂದ. ಹಬ್ಬಕ್ಕೆ ಇನ್ನೂ ಹೊತ್ತಿದ್ದುದರಿಂದ ಹೆಣೆದು ಮುಗಿದಿರಲಿಲ್ಲವಂತೆ, ಅಲ್ಲೇ ಕುಳಿತು ಮಾಡಿಸಿಕೊಂಡು ಬಂದನಂತೆ. ಉಳಿದದ್ದನ್ನು ದೇವರಾಜ ಮಾರುಕಟ್ಟೆಯ ಗ್ರಂಥಿಗೆ ಅಂಗಡಿಯವರು ಪಟ್ಟಿ ನೋಡಿ ಕಟ್ಟಿಕೊಟ್ಟರು. ಕಸ್ಟಮ್ಸ್ ಚೀಟಿಯಲ್ಲಿ ಮೊರಕ್ಕೆ ಏನು ಬರೆಯಬೇಕೆಂದು ತಿಳಿಯದೆ ನಿಂತಾಗ ಅಂಚೆ ಕಚೇರಿಯ ಕೌಂಟರಿನಲ್ಲಿದ್ದ ಅಮ್ಮನವರೇ “ಬಿದಿರಿನ ತಟ್ಟೆ ಎಂದು ಬರೆಯಪ್ಪ” ಎಂದರಂತೆ. ಯಾರಿಗೆ ಎಂದು ಕೇಳಿ, ಅತ್ತೆಗೆ ಎಂದಾಗ, ಪೆಟ್ಟಿಗೆಯ ಮೂಲೆಗಳಿಗೆ ಇನ್ನೊಂದು ಸುತ್ತು ಟೇಪು ಹಾಕಿಕೊಟ್ಟರಂತೆ. ಅವರಿಗೆ ಅರಿಶಿನ ಕುಂಕುಮ ಕೊಟ್ಟು ಬಾ ಎಂದು ಅತ್ತಿಗೆಗೆ ಹೇಳಿದ್ದೇನೆ.

ಅಮೆರಿಕಕ್ಕೆ ಅಂಚೆ ಸೇವೆ ಅಕ್ಟೋಬರ್ 15ರಿಂದ ಮತ್ತೆ ಆರಂಭವಾಯಿತು. ಅವತ್ತೇ ಅವನ ಸಂದೇಶ ಬಂತು. 2026ರಲ್ಲಿ ಅಧಿಕ ಮಾಸವಿದೆಯಂತೆ, ಗೌರಿ ಸೆಪ್ಟೆಂಬರ್ ಮಧ್ಯಕ್ಕೆ ಬರುತ್ತಾಳಂತೆ, ಅವನು ಜುಲೈನಲ್ಲೇ ಕಳುಹಿಸುತ್ತಾನಂತೆ. ಈ ಸಲ ಪುಟ್ಟಿಗೂ ಒಂದು ಇರುತ್ತದೆ, ಏನು ಎಂದು ಮಾತ್ರ ಕೇಳಬೇಡಿ ಅತ್ತೆ ಎಂದಿದ್ದಾನೆ. ಮಗಳು ಆಗಲೇ ಕೇಳಲು ಶುರುಮಾಡಿದ್ದಾಳೆ.