ಠಾಣೆ ರೈಟರ್ ಹೇಳಿಕೊಟ್ಟ ಲೆಕ್ಕ

ನಾನು ಅಪರಾಧಶಾಸ್ತ್ರದ ಮೇಷ್ಟ್ರು. ಮದುವೆ ಮನೆಯಲ್ಲಿ ಹಾಗಂದರೆ ಜನ ಮೊದಲು ಕೇಳುವುದು, "ಪೊಲೀಸಾ?" ಅಲ್ಲ ಅಂದರೆ, "ಹಾಗಾದ್ರೆ ಬೆರಳಚ್ಚು ನೋಡೋದಾ?" ಅದೂ ಅಲ್ಲ. ನನ್ನ ಕೆಲಸದಲ್ಲಿ ಮುಕ್ಕಾಲು ಪಾಲು ಕಡತ ಓದುವುದು, ಠಾಣೆ ಬೆಂಚಿನ ಮೇಲೆ ಕಾಯುವುದು.

ಪಿಎಚ್‌ಡಿ ಶುರುವಿನಲ್ಲಿ ಈ ಕಾಯುವ ಕೆಲಸ ನನಗೆ ದಂಡ ಅನಿಸುತ್ತಿತ್ತು. 1953ರಿಂದ ಬರುತ್ತಿರುವ 'ಕ್ರೈಂ ಇನ್ ಇಂಡಿಯಾ' ಅನ್ನುವ ಸರ್ಕಾರಿ ವರದಿ ಇದೆ, ಜಿಲ್ಲೆಯ ಅಂಕಿಅಂಶ ಇದೆ, ಕಂಪ್ಯೂಟರ್ ಇದೆ. ಇನ್ನೇನು ಬೇಕು ಅಂದುಕೊಂಡಿದ್ದೆ. ಅಕ್ಕಪಕ್ಕದ ಎರಡು ಠಾಣೆಗಳನ್ನು ಹೋಲಿಸಿದೆ. ಒಂದರಲ್ಲಿ ಕಳ್ಳತನ ಒಂದೇ ವರ್ಷಕ್ಕೆ ಹೆಚ್ಚುಕಡಿಮೆ ದುಪ್ಪಟ್ಟು. ಇನ್ನೊಂದು ತಣ್ಣಗಿತ್ತು. ಮೊದಲನೆಯದರಲ್ಲಿ ಪೊಲೀಸರು ಗಸ್ತು ತಿರುಗುವ ಬೀಟ್ ವ್ಯವಸ್ಥೆ ಹಾಳಾಗಿದೆ ಅಂತ ಧೈರ್ಯವಾಗಿ ಬರೆದೂ ಬಿಟ್ಟೆ.

ಗೈಡ್‌ಗೆ ಕೊಡುವ ಮುಂಚೆ ಸುಮ್ನೆ ಒಂದು ಸಲ ಆ ಠಾಣೆಗೆ ಹೋದೆ. ಅಲ್ಲಿನ ರೈಟರ್, ಅಂದರೆ ಠಾಣೆಯ ದಾಖಲೆ ಬರೆಯುವ ಪೊಲೀಸರು, ನನ್ನ ಪಟ್ಟಿ ನೋಡಿ ನಕ್ಕರು.

"ಸರ್, ಹಿಂದಿನ ಸಾಹೇಬ್ರ ಕಾಲದಲ್ಲಿ ಮೊಬೈಲ್ ಹೋಯ್ತು ಅಂತ ಬಂದ್ರೆ, 'ಕಳೆದುಹೋಗಿದೆ' ಅಂತ ಬರೆಸ್ಕೊಂಡು, ಅರ್ಜಿ ಬಂದಿದೆ ಅನ್ನೋ ಹಿಂಬರಹದ ಚೀಟಿ ಕೊಟ್ಟು ಕಳಿಸ್ತಿದ್ವಿ. ಈಗಿನವರು ಕಳುವು ಅಂದ್ರೆ ಎಫ್‌ಐಆರ್ ಹಾಕಿ ಅಂತಾರೆ. ಕಳ್ಳರು ಅಷ್ಟೇ ಇದಾರೆ. ನಂಬರ್ ಜಾಸ್ತಿ ಆಗಿದೆ."

ಅಂದರೆ ನನ್ನ ಪಟ್ಟಿಯಲ್ಲಿ ಕೆಟ್ಟದಾಗಿ ಕಂಡ ಠಾಣೆಯೇ ನೆಟ್ಟಗೆ ಕೆಲಸ ಮಾಡುತ್ತಿತ್ತು. ಸಂಜ್ಞೇಯ ಅಪರಾಧದ, ಅಂದರೆ ಕೋರ್ಟಿನ ಅಪ್ಪಣೆ ಇಲ್ಲದೆಯೇ ಪೊಲೀಸರು ತನಿಖೆ ಮಾಡಬಹುದಾದ ಅಪರಾಧದ, ದೂರು ಬಂದರೆ ಎಫ್‌ಐಆರ್ ಹಾಕಲೇಬೇಕು ಅಂತ ಸುಪ್ರೀಂ ಕೋರ್ಟ್ 2013ರಲ್ಲೇ ಲಲಿತಾ ಕುಮಾರಿ ಪ್ರಕರಣದಲ್ಲಿ ಹೇಳಿದೆ. ಆ ತೀರ್ಪು ನನಗೆ ಬಾಯಿಪಾಠ ಬರುತ್ತಿತ್ತು. ಹಿಂಬರಹ ಅನ್ನುವ ಚೀಟಿ ಮಾತ್ರ ಗೊತ್ತಿರಲಿಲ್ಲ.

ಎಣಿಕೆಯ ಒಳಗೂ ಮಡಿಕೆಗಳಿವೆ. ಕಳ್ಳತನಕ್ಕೆ ಬಂದವನು ಮನೆಯವರೊಬ್ಬರನ್ನು ಕೊಂದರೆ ರಾಷ್ಟ್ರೀಯ ವರದಿಯಲ್ಲಿ ಅದು ಒಂದು ಕೊಲೆ, ಅಷ್ಟೇ. ಒಂದು ಎಫ್‌ಐಆರ್‌ನಲ್ಲಿ ಅತಿ ದೊಡ್ಡ ಅಪರಾಧ ಯಾವುದೋ ಅದೊಂದನ್ನೇ ಎಣಿಸುತ್ತಾರೆ. 2024ರ ಜುಲೈ 1ರಿಂದ ಹೊಸ ಕ್ರಿಮಿನಲ್ ಕಾನೂನು ಬಂತಲ್ವಾ, ಅದರಲ್ಲಿ 5,000 ರೂಪಾಯಿಗಿಂತ ಕಡಿಮೆ ಬೆಲೆಯ ಸಾದಾ ಕಳ್ಳತನ ಅಸಂಜ್ಞೇಯ, ಅಂದರೆ ದೂರು ಬಂದ ಕೂಡಲೇ ಎಫ್‌ಐಆರ್ ಹಾಕುವಂತಿಲ್ಲ. ಮುಂದೆ ಕಳ್ಳತನದ ಗೆರೆ ಕೆಳಗಿಳಿದರೆ ಯಾರಾದರೂ ಬೆನ್ನು ತಟ್ಟಿಕೊಳ್ಳುವ ಮುಂಚೆ ಇದನ್ನು ನೆನಪಿಸಬೇಕು. ಬಹುಶಃ ಆ ಕೆಲಸವೂ ನನಗೇ ಬರುತ್ತದೆ.

ಆ ಅಧ್ಯಾಯ ಹರಿದು ಹಾಕಿ ಮನೆಮನೆಗೆ ಹೊರಟೆ. ಕಳೆದ ವರ್ಷ ಏನಾದರೂ ಕಳುವಾಯಿತಾ, ದೂರು ಕೊಟ್ಟಿರಾ, ಇವೆರಡೇ ಮುಖ್ಯ ಪ್ರಶ್ನೆ. ಇಂಗ್ಲೆಂಡಿನಲ್ಲಿ ಸರ್ಕಾರವೇ 1982ರಿಂದ ಹೀಗೆ ಮನೆಗಳಿಗೆ ಹೋಗಿ ಕೇಳುತ್ತಿದೆ. ನಾನು ಒಬ್ಬನೇ, ಹಳೇ ಸ್ಕೂಟರ್‌ನಲ್ಲಿ. ಒಬ್ಬ ಅಜ್ಜಿಯ ತಾಮ್ರದ ಹಂಡೆ ಹಿತ್ತಲಿನಿಂದ ಮಾಯವಾಗಿತ್ತು. ದೂರು ಯಾಕೆ ಕೊಡಲಿಲ್ಲ ಅಜ್ಜಿ ಅಂದೆ.

"ನಾಲ್ಕು ಸಲ ಅಲೆದ್ರೆ ಆಟೋ ದುಡ್ಡಲ್ಲೇ ಇನ್ನೊಂದು ಹಂಡೆ ಬರುತ್ತೆ ಕಣಪ್ಪ."

ಈಗ ನನ್ನ ವಿದ್ಯಾರ್ಥಿಗಳು ಎಕ್ಸೆಲ್ ಹಿಡಿದು ಬಂದರೆ ಮೊದಲು ಠಾಣೆಗೆ ಕಳಿಸುತ್ತೇನೆ. ಹೋದ ತಿಂಗಳು ಒಬ್ಬಳು ಅರ್ಧ ಗಂಟೆಗೇ ಫೋನ್ ಮಾಡಿದಳು. "ಸರ್, ರೈಟರ್ ಕೋರ್ಟ್ ಡ್ಯೂಟಿಗೆ ಹೋಗಿದಾರಂತೆ, ವಾಪಸ್ ಬರ್ಲಾ?"

ಬೇಡಮ್ಮ, ಅಲ್ಲೇ ಬೆಂಚಿನ ಮೇಲೆ ಕೂತಿರು ಅಂದೆ.