ಸಿನಿಮಾದವರು ಕಾವ್ಯ ಕೆಡಿಸ್ತಾರಾ?

ಹಳೆಗನ್ನಡ ಓದುವವರಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. ‘ಸಿನಿಮಾದವರು ಮಹಾಕಾವ್ಯಗಳನ್ನ ಕೆಡಿಸಿಬಿಡ್ತಾರೆ ಅಲ್ವಾ?’ 2019ರಲ್ಲಿ ‘ಕುರುಕ್ಷೇತ್ರ’ ಬಂದಾಗ ಇದನ್ನು ಜಾಸ್ತಿ ಕೇಳಿದರು. ಆ ಚಿತ್ರಕ್ಕೆ ಹಳೆಗನ್ನಡದ ಕವಿ ರನ್ನನ ‘ಗದಾಯುದ್ಧ’ ಕಾವ್ಯವೇ ಆಧಾರ ಎಂದು ಹೇಳಿದ್ದರಲ್ಲ, ಅದಕ್ಕೆ.

ಬದಲಾಯಿಸಿದರು ಅನ್ನುವ ದೂರನ್ನು ನಾನು ಒಪ್ಪುವುದಿಲ್ಲ. ಹಾಗೆ ದೂರುವುದಾದರೆ ಮೊದಲು ರನ್ನನನ್ನೇ ಕಟಕಟೆಗೆ ತರಬೇಕು. ವ್ಯಾಸಭಾರತದಲ್ಲಿ ಎಷ್ಟೋ ವೀರರಲ್ಲಿ ಒಬ್ಬನಾದ ಭೀಮನನ್ನು ಅವನು ನಾಯಕ ಮಾಡಿದ. ಯಾಕೆ? ಆಶ್ರಯ ಕೊಟ್ಟ ಚಾಲುಕ್ಯ ದೊರೆ ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಬೇಕಿತ್ತು. ಕಾವ್ಯಕ್ಕೆ ‘ಸಾಹಸಭೀಮವಿಜಯಂ’ ಎಂಬ ಇನ್ನೊಂದು ಹೆಸರೂ ಹಾಗೇ ಬಂದದ್ದು. ಸಿನಿಮಾದಲ್ಲಿ ನಾಯಕ ದುರ್ಯೋಧನ, ಆ ಪಾತ್ರ ದರ್ಶನ್ ಅವರದು. ಆಗ ಕವಿಯನ್ನು ಸಾಕುತ್ತಿದ್ದವನು ರಾಜ, ಈಗ ಟಿಕೆಟ್ ಕೊಳ್ಳುವ ಅಭಿಮಾನಿ. ಅಲ್ಲದೆ, ರನ್ನನನ್ನು ಓದಿ ಮುಗಿಸಿದವರ ಮನಸ್ಸಿನಲ್ಲಿ ಉಳಿಯುವವನು ಭೀಮನಲ್ಲ, ದುರ್ಯೋಧನನೇ.

ನನ್ನ ತಕರಾರು ಬೇರೆ. ಗದಾಯುದ್ಧದ ಕತೆ ಶುರುವಾಗುವ ಹೊತ್ತಿಗೆ ಯುದ್ಧ ಹೆಚ್ಚುಕಡಿಮೆ ಮುಗಿದಿದೆ. ದ್ರೋಣ, ಕರ್ಣ, ಅಭಿಮನ್ಯು ಎಲ್ಲ ಸತ್ತಿದ್ದಾರೆ. ಹಿಂದಿನದನ್ನೆಲ್ಲ ಕವಿ ‘ಸಿಂಹಾವಲೋಕನ ಕ್ರಮ’ದಲ್ಲಿ, ಸಿಂಹ ತಿರುಗಿ ನೋಡಿದ ಹಾಗೆ, ನೆನಪಿನಲ್ಲಿ ತರುತ್ತಾನೆ. ಸಾವಿರ ವರ್ಷದ ಹಿಂದಿನ ಫ್ಲಾಷ್‌ಬ್ಯಾಕ್! ದುರ್ಯೋಧನ ಸಂಜಯನ ಜೊತೆ ಹೆಣಗಳ ನಡುವೆ ನಡೆಯುತ್ತಾನೆ. ದುಶ್ಯಾಸನ ಸಿಗುತ್ತಾನೆ, ಮಗ ಸಿಗುತ್ತಾನೆ, ಕರ್ಣ ಸಿಗುತ್ತಾನೆ. ಶತ್ರುವಿನ ಮಗ ಅಭಿಮನ್ಯುವಿನ ಹೆಣಕ್ಕೂ ಕೈಮುಗಿಯುತ್ತಾನೆ. ನಿನ್ನ ಸಾಹಸದ ಒಂದು ಪಾಲಾದರೂ ಇರುವ ಸಾವು ನನಗೆ ಬರಲಿ ಎನ್ನುತ್ತಾನೆ. ಇಡೀ ಕಾವ್ಯದ ಜೀವ ಈ ನಡಿಗೆಯಲ್ಲಿದೆ.

ಸಿನಿಮಾದಲ್ಲಿ ಭೀಷ್ಮ ಅಂಬರೀಶ್, ಕರ್ಣ ಅರ್ಜುನ್ ಸರ್ಜಾ, ಅಭಿಮನ್ಯು ನಿಖಿಲ್. ಇವರಿಗೆಲ್ಲ ಹೆಣದ ಪಾತ್ರವನ್ನೋ ಶರಶಯ್ಯೆಯಲ್ಲಿ ಮಲಗುವ ಪಾತ್ರವನ್ನೋ ಕೊಡಕ್ಕಾಗುತ್ತಾ? ಹಾಗಾಗಿ ಕತೆ ಹಿಂದಕ್ಕೆ ಹೋಗುತ್ತದೆ, ಜೂಜಿನಿಂದ ಯುದ್ಧದವರೆಗೆ ಎಲ್ಲವೂ ಬೇಕಾಗುತ್ತದೆ. ಆಮೇಲೆ ಆ ನಡಿಗೆಗೆ ಕಾವ್ಯದಲ್ಲಿದ್ದಷ್ಟು ಜಾಗ ಎಲ್ಲಿಂದ ಬರಬೇಕು?

ಕೆಲವನ್ನಂತೂ ಯಾವ ಕ್ಯಾಮೆರಾಗೂ ಹಿಡಿಯಲಾಗದು. ವೈಶಂಪಾಯನ ಸರೋವರದಲ್ಲಿ ಅಡಗಿದ ದುರ್ಯೋಧನ ಭೀಮನ ಗರ್ಜನೆ ಕೇಳಿ ‘ನೀರೊಳಗಿರ್ದುಂ ಬೆಮರ್ತನ್’, ನೀರಿನೊಳಗಿದ್ದೂ ಬೆವೆತ. ನೀರಲ್ಲಿ ಮುಳುಗಿದವನ ಬೆವರನ್ನು ಯಾವ ಗ್ರಾಫಿಕ್ಸ್ ತೋರಿಸೀತು?

ಹಾಗಂತ ಸಿನಿಮಾ ಯಾವಾಗಲೂ ಸೋಲುವುದಿಲ್ಲ. 1977ರ ‘ಬಭ್ರುವಾಹನ’ ನೋಡಿ. ಲಕ್ಷ್ಮೀಶನ ‘ಜೈಮಿನಿ ಭಾರತ’ದಿಂದ ಕನ್ನಡಿಗರಿಗೆ ಗೊತ್ತಿದ್ದ ಕತೆ ಅದು. ತಂದೆಯೆಂದು ತಿಳಿದು ಕಾಲಿಗೆರಗಿದ ಮಗನನ್ನು ಅರ್ಜುನ ಒದೆಯುತ್ತಾನೆ, ಹುಟ್ಟನ್ನೇ ಹೀಯಾಳಿಸುತ್ತಾನೆ. ನಿರ್ದೇಶಕ ಹುಣಸೂರು ಕೃಷ್ಣಮೂರ್ತಿ ಎರಡೂ ಪಾತ್ರವನ್ನು ರಾಜ್‌ಕುಮಾರ್ ಅವರಿಗೇ ಕೊಟ್ಟರು. ನೀನು ನನ್ನ ಮಗನಲ್ಲ ಎಂದು ಅಬ್ಬರಿಸುವವನ ಎದುರಿಗೆ ಅವನದೇ ಮುಖ ನಿಂತಿದೆ! ಲಕ್ಷ್ಮೀಶ ಎಷ್ಟು ಷಟ್ಪದಿ ಬರೆದರೂ ಇದು ಅವನ ಕೈಗೆ ಸಿಗುವಂಥದ್ದಲ್ಲ. ಚಿತ್ರದ ‘ಯಾರು ತಿಳಿಯರು ನಿನ್ನ ಭುಜಬಲದ ಪರಾಕ್ರಮ’ ಹಾಡು ಕಾವ್ಯದ್ದಲ್ಲ, ಕಂಪನಿ ನಾಟಕದ ಜಾಡಿನದು. ಇರಲಿ, ಅದನ್ನು ತೆಗೆದುಹಾಕಿ ಅಂತ ಯಾವ ಪಂಡಿತರೂ ಹೇಳಿದ್ದು ನಾನು ಕೇಳಿಲ್ಲ.

ಗದಾಯುದ್ಧವನ್ನೇ ಸಿನಿಮಾ ಮಾಡಬೇಕೆಂದರೆ ನನ್ನದೊಂದು ಬಿಟ್ಟಿ ಸಲಹೆ ಇದೆ. ಆ ಕೊನೆಯ ದಿನ ಮಾತ್ರ ತೆಗೆಯಿರಿ. ಯುದ್ಧ ಮುಗಿದಿರುವುದರಿಂದ ಆನೆ ಕುದುರೆ ಓಡಿಸುವ ಖರ್ಚೂ ಇಲ್ಲ. ಆದರೆ ಹೀರೋ ಅರ್ಧ ಸಿನಿಮಾ ಅಳುತ್ತಾ ನಡೆಯಬೇಕು, ಆಮೇಲೆ ನೀರಿಗಿಳಿದು ಅಡಗಬೇಕು, ಕೊನೆಗೆ ತೊಡೆ ಮುರಿದುಕೊಂಡು ಬೀಳಬೇಕು. ಇದಕ್ಕೆ ಯಾವ ಸ್ಟಾರ್ ಕಾಲ್‌ಶೀಟ್ ಕೊಡ್ತಾರೋ ನೋಡೋಣ.