ಒವ್ಯುಲೇಶನ್ ಸ್ಟ್ರಿಪ್‌ನ ಎರಡನೇ ಗೆರೆ: ತಂಗಿಗೆ ಹೇಳಿದ್ದು, ನಿಮಗೂ

ಅಂಡ ಹೊರಬರುವ ದಿನ ಹತ್ತಿರ ಬಂತಾ ಅಂತ ಮೂತ್ರದಲ್ಲಿ ನೋಡುವ ಒವ್ಯುಲೇಶನ್ ಸ್ಟ್ರಿಪ್‌ನಲ್ಲಿ ಎರಡು ಗೆರೆ ಬಂದ ಮಾತ್ರಕ್ಕೆ ಅದು ಪಾಸಿಟಿವ್ ಅಲ್ಲ. ಈ ಒಂದು ಮಾತು ಹೇಳಬೇಕು ಅಂತಲೇ ಬರೆಯಲು ಕೂತೆ.

ನಮ್ಮ ಕಾಕಾನ ಮಗಳನ್ನು ಆಳಂದಕ್ಕೆ ಕೊಟ್ಟಿದ್ದೇವೆ. ಮೊನ್ನೆ ವಾಟ್ಸಾಪ್‌ನಲ್ಲಿ ಒಂದು ಫೋಟೋ ಕಳಿಸಿದಳು. ‘ಅಕ್ಕಾ, ಎರಡೂ ಗೆರಿ ಮೂಡ್ಯಾವ ನೋಡು. ಪಾಸಿಟಿವ್ ಹೌದಲ್ಲ?’ ಫೋಟೋ ದೊಡ್ಡದು ಮಾಡಿ ನೋಡಿದೆ. ಒಂದು ಗೆರೆ ದಟ್ಟ ಗುಲಾಬಿ ಬಣ್ಣ. ಇನ್ನೊಂದು, ಒಗೆದ ಸೀರೆಯ ಮೇಲೆ ಉಳಿದ ಕುಂಕುಮದ ಕಲೆಯ ಹಾಗೆ, ಇದೆಯೋ ಇಲ್ಲವೋ ಅನ್ನುವಷ್ಟು ತಿಳಿ. ಅವಳು ಖುಷಿಯಲ್ಲಿದ್ದಳು. ಫೋನ್ ಮಾಡಿ ಸಮಾಧಾನವಾಗಿ ಹೇಳಿದೆ, ಇದು ನೆಗೆಟಿವ್ ತಂಗಿ, ನಾಳೆ ಮತ್ತೆ ನೋಡು.

ಅವಳ ಗೊಂದಲ ಸಹಜವಾದದ್ದು. ನಮಗೆಲ್ಲ ಗೊತ್ತಿರುವುದು ಪ್ರೆಗ್ನೆನ್ಸಿ ಕಿಟ್. ಅದರಲ್ಲಿ ಹೇಳಿದ ಸಮಯದೊಳಗೆ ಎರಡನೇ ಗೆರೆ ಎಷ್ಟೇ ತಿಳಿಯಾಗಿ ಬಂದರೂ ಲೆಕ್ಕಕ್ಕೆ ಬರುತ್ತದೆ. ಏಕೆಂದರೆ ಅದು ಹುಡುಕುವ ಎಚ್‌ಸಿಜಿ ಎಂಬ ಹಾರ್ಮೋನು ಬಸಿರಿಲ್ಲದಾಗ ಮೈಯಲ್ಲಿ ಇರುವುದಿಲ್ಲ ಅಂತಲೇ ಹೇಳಬಹುದು. ಒವ್ಯುಲೇಶನ್ ಸ್ಟ್ರಿಪ್ ಹುಡುಕುವುದು ಎಲ್‌ಎಚ್ ಎಂಬ ಬೇರೆ ಹಾರ್ಮೋನನ್ನು. ಅದು ತಿಂಗಳು ಪೂರ್ತಿ ನಮ್ಮ ಮೈಯಲ್ಲಿ ಸ್ವಲ್ಪ ಸ್ವಲ್ಪ ಇದ್ದೇ ಇರುತ್ತದೆ. ಹಾಗಾಗಿ ತಿಳಿ ಗೆರೆ ಯಾವ ದಿನ ಬೇಕಾದರೂ ಬರಬಹುದು. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ತಿಂಗಳಲ್ಲಿ ಒಂದು ಸಲ ಎಲ್‌ಎಚ್ ಅನ್ನು ಒಮ್ಮೆಲೇ ಜಾಸ್ತಿ ಬಿಡುತ್ತದೆ. ಹಾಗೆ ಏರಿದ ಮೇಲೆ ಸುಮಾರು 24ರಿಂದ 36 ಗಂಟೆಯೊಳಗೆ ಅಂಡಾಶಯದಿಂದ ಅಂಡ ಹೊರಗೆ ಬರುತ್ತದೆ. ನಾವು ಹಿಡಿಯಬೇಕಾದದ್ದು ಆ ಏರಿಕೆಯನ್ನು. ಸ್ಟ್ರಿಪ್ ಸರಿಯಿದೆ ಅಂತ ತೋರಿಸಲು ಯಾವಾಗಲೂ ಬರುವುದು ಕಂಟ್ರೋಲ್ ಗೆರೆ, ಎಲ್‌ಎಚ್ ತೋರಿಸುವುದು ಟೆಸ್ಟ್ ಗೆರೆ. ಟೆಸ್ಟ್ ಗೆರೆ ಕಂಟ್ರೋಲ್ ಗೆರೆಯಷ್ಟೇ ದಟ್ಟವಾಗಿರಬೇಕು, ಇಲ್ಲವೇ ಅದಕ್ಕಿಂತ ದಟ್ಟವಾಗಿರಬೇಕು. ಆಗ ಮಾತ್ರ ಪಾಸಿಟಿವ್. ಕಂಟ್ರೋಲ್ ಗೆರೆಯೇ ಬರದಿದ್ದರೆ ಆ ಸ್ಟ್ರಿಪ್ ಕೆಟ್ಟಿದೆ ಅಂತ, ಬಿಸಾಡಿ.

ಮೆಡಿಕಲ್‌ನಲ್ಲಿ ಕೇಳುವಾಗಲೂ ಸ್ವಲ್ಪ ಗಟ್ಟಿಯಾಗಿ ಕೇಳಿ. ನಮ್ಮ ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಒಂದು ಅಂಗಡಿಯಲ್ಲಿ ನಾನು ಒವ್ಯುಲೇಶನ್ ಕಿಟ್ ಅಂತ ಕೇಳಿದರೆ, ಹುಡುಗ ನನ್ನ ಮುಖವನ್ನೂ ನೋಡದೆ ಪ್ರೆಗ್ನೆನ್ಸಿ ಕಿಟ್ ಅನ್ನು ಕರಿ ಕವರಿನಲ್ಲಿ ಸುತ್ತಿ ಕೊಟ್ಟ. ಅಲ್ಲೇ ಬಿಚ್ಚಿ ನೋಡಿ ವಾಪಸ್ ಕೊಟ್ಟೆ. ಪಕ್ಕದಲ್ಲಿ ನಿಂತವರು ತಿರುಗಿ ನೋಡಿದರು, ನೋಡಲಿ. ಡಬ್ಬಿಯ ಮೇಲೆ ಎಲ್‌ಎಚ್ ಅಂತ ಇದೆಯಾ, ಅವಧಿ ಮುಗಿದಿಲ್ಲವಾ ಅಂತ ಅಲ್ಲೇ ನೋಡಿಕೊಳ್ಳುವುದು ನಮ್ಮ ಹಕ್ಕು.

ಯಾವ ದಿನದಿಂದ ಶುರು ಮಾಡಬೇಕು ಅನ್ನುವುದಕ್ಕೆ ಸುಲಭ ಲೆಕ್ಕ ಇದೆ. ಮುಟ್ಟಿನ ಮೊದಲ ದಿನವನ್ನು 1 ಅಂತ ಎಣಿಸಿ. ನಿಮ್ಮ ಚಕ್ರ ಎಷ್ಟು ದಿನದ್ದೋ ಅದರಲ್ಲಿ 17 ಕಳೆಯಿರಿ. 28 ದಿನದ ಚಕ್ರವಾದರೆ 11ನೇ ದಿನ, 32 ದಿನದ್ದಾದರೆ 15ನೇ ದಿನ. ದಿನಗಳು ಹಿಂದೆ ಮುಂದೆ ಆಗುವವರು ಹಿಂದಿನ ಕೆಲವು ತಿಂಗಳಲ್ಲಿ ಯಾವುದು ಎಲ್ಲಕ್ಕಿಂತ ಚಿಕ್ಕದಿತ್ತೋ ಅದನ್ನು ಹಿಡಿಯಬೇಕು. ಎಲ್ಲರಿಗೂ 14ನೇ ದಿನವೇ ಅಂಡ ಬರುತ್ತದೆ ಅನ್ನುವುದನ್ನು ದಯವಿಟ್ಟು ತಲೆಯಿಂದ ತೆಗೆಯಿರಿ. ಸಾಮಾನ್ಯವಾಗಿ ಅದು ಮುಂದಿನ ಮುಟ್ಟಿಗೆ ಸುಮಾರು 14 ದಿನ ಮೊದಲು ಬರುತ್ತದೆ. 32 ದಿನದ ಚಕ್ರದವರು 14ನೇ ದಿನ ನೋಡಿ, ದಟ್ಟ ಗೆರೆ ಬರಲಿಲ್ಲ ಅಂತ ಕೈಬಿಟ್ಟರೆ ನಿಜವಾದ ದಿನ ಕೈತಪ್ಪಿ ಹೋಗುತ್ತದೆ.

ಇನ್ನು ಹೊತ್ತಿನ ವಿಷಯ. ಎಲ್‌ಎಚ್ ಸಾಮಾನ್ಯವಾಗಿ ಬೆಳಗಿನ ಜಾವ ಏರಲು ಶುರುವಾಗುತ್ತದೆ, ಮೂತ್ರದಲ್ಲಿ ಕಾಣಲು ಕೆಲವು ಗಂಟೆ ಬೇಕು. ಅದಕ್ಕೇ ಬಹಳಷ್ಟು ಕಿಟ್‌ಗಳಲ್ಲಿ ಬೆಳಗಿನ ಮೊದಲ ಮೂತ್ರ ಬೇಡ, ಮಧ್ಯಾಹ್ನ ಅಥವಾ ಸಂಜೆ ನೋಡಿ ಅಂತ ಬರೆದಿರುತ್ತಾರೆ. ನಿಮ್ಮ ಕಿಟ್‌ನ ಚೀಟಿಯಲ್ಲಿ ಏನಿದೆಯೋ ಅದೇ ಮಾಡಿ, ಆದರೆ ದಿನಾ ಒಂದೇ ಹೊತ್ತಿಗೆ ಮಾಡಿ. ನಾನು ಹೈಸ್ಕೂಲ್ ಟೀಚರ್. ಶಾಲೆಯಲ್ಲಿ ಟೀಚರ್‌ಗಳಿಗೆಲ್ಲ ಸೇರಿ ಒಂದೇ ಟಾಯ್ಲೆಟ್. ಅಲ್ಲಿ ಕಪ್ ಹಿಡಿದುಕೊಂಡು ಐದು ನಿಮಿಷ ನಿಲ್ಲುವುದು ಆಗದ ಮಾತು. ಹಾಗಾಗಿ ಬಸ್ ಇಳಿದು ಮನೆಗೆ ಬಂದ ಮೇಲೆ, ಸಂಜೆ ಚಹಾಕ್ಕೆ ಮೊದಲು ನೋಡುತ್ತೇನೆ. ಚಹಾ ಕುಡಿದ ಮೇಲಲ್ಲ.

ಏಕೆಂದರೆ ನಮ್ಮ ಊರಲ್ಲಿ ನೀರಿನದ್ದೇ ದೊಡ್ಡ ತೊಡಕು. ಕಲಬುರಗಿಯ ಮೇ ತಿಂಗಳು ಹೇಗಿರುತ್ತದೆ ಅಂತ ಗೊತ್ತಲ್ಲ, 40 ಡಿಗ್ರಿ ದಾಟಿದ ಬಿಸಿಲು. ಚೊಂಬುಗಟ್ಟಲೆ ನೀರು, ಮಜ್ಜಿಗೆ ಕುಡಿಯದೆ ಜೀವ ನಿಲ್ಲುವುದಿಲ್ಲ. ಆದರೆ ಜಾಸ್ತಿ ನೀರು ಕುಡಿದ ತಕ್ಷಣ ಮೂತ್ರ ನೀರಾಗಿರುತ್ತದೆ. ಎಲ್‌ಎಚ್ ಏರಿದ್ದರೂ ಗೆರೆ ತಿಳಿಯಾಗಿ ಕಾಣಬಹುದು. ಟೆಸ್ಟಿಗೆ 2 ಗಂಟೆ ಮೊದಲಿನಿಂದ ನೀರು ಸ್ವಲ್ಪ ಕಡಿಮೆ ಮಾಡಿ, ಆ ಹೊತ್ತಿನಲ್ಲಿ ಮೂತ್ರಕ್ಕೂ ಹೋಗದಿದ್ದರೆ ಒಳ್ಳೆಯದು. ಅಷ್ಟೇ ಸಾಕು. ಒಂದು ಸ್ಟ್ರಿಪ್‌ಗೋಸ್ಕರ ದಿನವಿಡೀ ಬಾಯಾರಿ ಕೂರಬೇಡಿ, ಈ ಬಿಸಿಲಿನಲ್ಲಿ ಅದು ಅಪಾಯ.

ಸ್ಟ್ರಿಪ್‌ಗಳಿಗೂ ಬಿಸಿಲು ಆಗಿಬರುವುದಿಲ್ಲ. ಸಾಮಾನ್ಯವಾಗಿ ಪ್ಯಾಕೆಟ್ ಮೇಲೆ 30 ಡಿಗ್ರಿಯೊಳಗೆ ಇಡಿ ಅಂತ ಇರುತ್ತದೆ. ಬೇಸಿಗೆಯಲ್ಲಿ ನಮ್ಮ ಮನೆಯ ಒಳಕೋಣೆಯೂ ಅದಕ್ಕಿಂತ ಬಿಸಿ. ಹಾಗಾಗಿ ಆ ತಿಂಗಳಿಗೆ ಬೇಕಾದಷ್ಟೇ ಕೊಳ್ಳುತ್ತೇನೆ. ಸ್ಕೂಟಿ ಡಿಕ್ಕಿಯಲ್ಲಿ ಬಿಡುವುದಿಲ್ಲ. ಮನೆಯಲ್ಲಿ ತಂಪಾದ ಗೋಡೆಯ ಕಡೆ ಇರುವ ಅಲ್ಮಾರಿಯ ಕೆಳಗಿನ ಖಾನೆಯಲ್ಲಿ ಇಡುತ್ತೇನೆ. ಕೂಲರ್ ಗಾಳಿ ಬೀಸುವ ಕಡೆ ಇಡಬೇಡಿ, ಅದರ ತೇವ ಸ್ಟ್ರಿಪ್ ಕೆಡಿಸುತ್ತದೆ. ಪೊಟ್ಟಣವನ್ನು ಟೆಸ್ಟ್ ಮಾಡುವ ಹೊತ್ತಿಗೇ ಹರಿಯಿರಿ.

ಅದ್ದಿದ ಮೇಲೆ ಚೀಟಿಯಲ್ಲಿ ಹೇಳಿದಷ್ಟು ನಿಮಿಷಕ್ಕೆ ಓದಿಬಿಡಿ, ಸಾಮಾನ್ಯವಾಗಿ 5ರಿಂದ 10 ನಿಮಿಷ. ರಾತ್ರಿ ಮತ್ತೆ ತೆಗೆದು ನೋಡಿದರೆ ಒಣಗಿದ ಗೆರೆ ಬೇರೆ ಥರ ಕಾಣುತ್ತದೆ, ಅದನ್ನು ನಂಬಬೇಡಿ. ನಾನು ಸಮಯಕ್ಕೆ ಸರಿಯಾಗಿ ಕಿಟಕಿಯ ಬೆಳಕಿನಲ್ಲಿ ಒಂದು ಫೋಟೋ ತೆಗೆದು, ಲಾಂಗ್ ನೋಟ್‌ಬುಕ್‌ನಲ್ಲಿ ತಾರೀಖಿನ ಮುಂದೆ ‘ತಿಳಿ’, ‘ಸಮ’, ‘ದಟ್ಟ’ ಅಂತ ಬರೆದಿಡುತ್ತೇನೆ. ದಿನದಿಂದ ದಿನಕ್ಕೆ ಗೆರೆ ದಟ್ಟವಾಗುತ್ತಾ ಬರುವುದು ಸಾಲಾಗಿ ನೋಡಿದಾಗಲೇ ಗೊತ್ತಾಗುವುದು. ಕೆಲವರಲ್ಲಿ ಏರಿದ್ದು ಅರ್ಧ ದಿನದಲ್ಲೇ ಇಳಿದುಬಿಡುತ್ತದೆ. ಗೆರೆ ದಟ್ಟವಾಗುತ್ತಾ ಬಂತು ಅಂದರೆ ದಿನಕ್ಕೆ ಎರಡು ಸಲ ನೋಡಿದರೂ ತಪ್ಪಿಲ್ಲ.

ಪಾಸಿಟಿವ್ ಬಂತು. ಮುಂದೇನು? ಆ ದಿನ ಮತ್ತು ಮರುದಿನ ಜೊತೆಗಿರಿ. ಆದರೆ ಪಾಸಿಟಿವ್ ಬರಲಿ ಅಂತ ಕಾಯುತ್ತಾ ಕೂರಬೇಡಿ. ಅಂಡದ ಆಯಸ್ಸು 12ರಿಂದ 24 ಗಂಟೆ ಅಷ್ಟೇ. ವೀರ್ಯಾಣು ಹೆಣ್ಣಿನ ದೇಹದಲ್ಲಿ 5 ದಿನದವರೆಗೂ ಬದುಕಬಲ್ಲದು. ಅಂದರೆ ಗೆರೆ ದಟ್ಟವಾಗುವ ಮೊದಲಿನ ದಿನಗಳೂ ಅಷ್ಟೇ ಮುಖ್ಯ. ಇದು ತಿಳಿದ ಮೇಲೆ ನಮ್ಮ ಮನೆಯಲ್ಲಿ ಬಹಳ ಹಗುರಾಯಿತು. ನಮ್ಮ ಯಜಮಾನರು ತೊಗರಿ ಬೇಳೆ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಾರೆ. ಹೊಸ ತೊಗರಿ ಬರುವ ಕಾಲದಲ್ಲಿ ಮನೆಗೆ ಬರುವುದೇ ರಾತ್ರಿ ಹನ್ನೊಂದಕ್ಕೆ, ಕೂದಲಲ್ಲೆಲ್ಲ ಬೇಳೆಯ ಧೂಳು. ಅಂಥ ಮನುಷ್ಯನಿಗೆ ‘ಇವತ್ತೇ, ಈ ರಾತ್ರಿಯೇ’ ಅಂದರೆ ಹೇಗಿರುತ್ತದೆ? ಆ ಒಂದು ವಾರ ಒಂದು ದಿನ ಬಿಟ್ಟು ಒಂದು ದಿನ ಅಂತ ಇದ್ದರೆ ಸಾಕು. ‘ಇಷ್ಟೇನಾ? ಮೊದಲೇ ಹೇಳಬಾರದಿತ್ತಾ?’ ಅಂದರು.

ಈಗ ನನಗೆ ತುಂಬಾ ಮುಖ್ಯ ಅನಿಸುವ ಮಾತು. ಸ್ಟ್ರಿಪ್ ಪಾಸಿಟಿವ್ ಬಂದರೆ ಎಲ್‌ಎಚ್ ಏರಿದೆ ಅಂತ ಅಷ್ಟೇ ಅರ್ಥ. ಅಂಡ ಹೊರಗೆ ಬಂತು ಅಂತ ಅದು ಹೇಳುವುದಿಲ್ಲ. ಪಿಸಿಒಡಿ, ಅಂದರೆ ಹಾರ್ಮೋನು ಏರುಪೇರಾಗಿ ಅಂಡ ಸರಿಯಾಗಿ ಹೊರಬರದ ತೊಂದರೆ, ಇರುವವರಲ್ಲಿ ಎಲ್‌ಎಚ್ ಯಾವಾಗಲೂ ಸ್ವಲ್ಪ ಜಾಸ್ತಿ ಇರಬಹುದು. ವಾರಗಟ್ಟಲೆ ದಟ್ಟ ಗೆರೆ ಬರಬಹುದು, ಅಥವಾ ಏರಿ, ಇಳಿದು, ಮತ್ತೆ ಏರಬಹುದು. ಅಂಥವರು ಸ್ಟ್ರಿಪ್ ಒಂದನ್ನೇ ನೆಚ್ಚಿಕೊಂಡು ತಿಂಗಳುಗಟ್ಟಲೆ ಕಳೆಯುವುದು ನೋಡಿದರೆ ಹೊಟ್ಟೆ ಉರಿಯುತ್ತದೆ. ಡಾಕ್ಟರ್ ಹತ್ತಿರ ಹೋದರೆ ಫಾಲಿಕ್ಯುಲರ್ ಸ್ಟಡಿ ಅಂತ ಸ್ಕ್ಯಾನಿಂಗ್ ಮಾಡುತ್ತಾರೆ. ಅಂಡದ ಕೋಶ ಬೆಳೆದು ಸುಮಾರು 18ರಿಂದ 24 ಮಿಲಿಮೀಟರ್ ಆಗುವುದು, ಆಮೇಲೆ ಒಡೆಯುವುದು ಅದರಲ್ಲಿ ಕಾಣುತ್ತದೆ. ಅಂಡ ಹೊರಬಂದ ಮೇಲೆ ಏರುವ ಪ್ರೊಜೆಸ್ಟರಾನ್ ಹಾರ್ಮೋನಿನ ರಕ್ತ ಪರೀಕ್ಷೆಯೂ ಇದೆ. ಒಂದು ಮಿಲಿಲೀಟರ್‌ಗೆ 3 ನ್ಯಾನೋಗ್ರಾಂಗಿಂತ ಜಾಸ್ತಿ ಇದ್ದರೆ ಅಂಡ ಹೊರಬಂದಿದೆ ಅಂತ ಲೆಕ್ಕ. ಅದನ್ನು 21ನೇ ದಿನದ ಟೆಸ್ಟ್ ಅಂತ ಕರೆಯುವುದುಂಟು, ಆದರೆ 21 ಹೊಂದುವುದು 28 ದಿನದ ಚಕ್ರಕ್ಕೆ ಮಾತ್ರ. ಮುಂದಿನ ಮುಟ್ಟಿಗೆ 7 ದಿನ ಮೊದಲು ಮಾಡಿಸಬೇಕು. 32 ದಿನದವರಿಗೆ ಅದು 25ನೇ ದಿನ. ಚೀಟಿಯಲ್ಲಿ 21 ಅಂತ ಬರೆದಿದ್ದರೆ, ನಮ್ಮ ಚಕ್ರ ಇಷ್ಟು ದಿನದ್ದು ಡಾಕ್ಟ್ರೇ ಅಂತ ಬಾಯಿಬಿಟ್ಟು ಹೇಳಿ.

ಮಾತ್ರೆ, ಇಂಜೆಕ್ಷನ್ ತೆಗೆದುಕೊಳ್ಳುತ್ತಿರುವವರಿಗೂ ಒಂದು ಮಾತು. ಅಂಡ ಬೆಳೆಯಲಿ ಅಂತ ಕೊಡುವ ಕ್ಲೋಮಿಫೀನ್ ಮಾತ್ರೆ ಮುಗಿದ ತಕ್ಷಣ ನೋಡಿದರೆ ಸುಳ್ಳು ಪಾಸಿಟಿವ್ ಬರಬಹುದು, ಕನಿಷ್ಠ 3 ದಿನ ಬಿಡಬೇಕು. ಅಂಡ ಬಿಡಿಸಲು ಎಚ್‌ಸಿಜಿ ಇಂಜೆಕ್ಷನ್ ಕೊಟ್ಟಿದ್ದರೆ ಸ್ಟ್ರಿಪ್ ಅದನ್ನೇ ಎಲ್‌ಎಚ್ ಅಂತ ತೋರಿಸಬಹುದು. ಎರಡರ ರಚನೆಯೂ ಬಹಳ ಹತ್ತಿರ.

ತಿಂಗಳು ಪೂರ್ತಿ ನೆಗೆಟಿವ್ ಬಂದರೆ ಎದೆ ಒಡೆದುಕೊಳ್ಳಬೇಡಿ. ತಡವಾಗಿ ಶುರು ಮಾಡಿರಬಹುದು, ಏರಿಕೆ ಎರಡು ಟೆಸ್ಟ್‌ಗಳ ನಡುವೆ ಬಂದು ಹೋಗಿರಬಹುದು. ಆರೋಗ್ಯವಾಗಿರುವವರಿಗೂ ಒಂದೊಂದು ತಿಂಗಳು ಅಂಡ ಬರದೆ ಇರುವುದುಂಟು. ಅದೇ ಮತ್ತೆ ಮತ್ತೆ ಆದರೆ ತೋರಿಸಿಕೊಳ್ಳಿ. ವಯಸ್ಸು 35ರೊಳಗಿದ್ದು ಒಂದು ವರ್ಷ ಪ್ರಯತ್ನಿಸಿದ್ದರೆ, 35 ದಾಟಿ 6 ತಿಂಗಳಾಗಿದ್ದರೆ ಡಾಕ್ಟರನ್ನು ಕಾಣಬೇಕು. ಮುಟ್ಟು ಸರಿಯಾಗಿ ಬಾರದವರು ಅಷ್ಟೂ ಕಾಯಬಾರದು.

ಎಳ್ಳಮಾವಾಸ್ಯೆಗೆ ಹೊಲದಲ್ಲಿ ಭಜ್ಜಿ, ಸಜ್ಜೆ ರೊಟ್ಟಿ ಬಡಿಸುತ್ತಾ ದೊಡ್ಡಮ್ಮ ಎಲ್ಲರ ಮುಂದೆ ಕೇಳಿದರು, ‘ಏನವ್ವಾ, ಏನರ ವಿಶೇಷ ಅದ ಏನು?’ ಪ್ರೀತಿಯಿಂದಲೇ ಕೇಳಿದ್ದು. ಆದರೆ ನನ್ನ ಪಕ್ಕದಲ್ಲೇ ಕೂತಿದ್ದ ನಮ್ಮ ಯಜಮಾನರನ್ನು ಯಾರೂ ಕೇಳಲಿಲ್ಲ. ಯಾವಾಗಲೂ ಹೀಗೇ, ಅಲ್ವಾ? ಹರಕೆ ನಮಗೆ, ಉಪವಾಸ ನಮಗೆ, ಸ್ಟ್ರಿಪ್ ನಮಗೆ. ನಾನು ಶರಣಬಸವೇಶ್ವರರ ಗುಡಿಗೂ ಹೋಗುತ್ತೇನೆ, ಬಂದೇ ನವಾಜ್ ದರ್ಗಾದಲ್ಲೂ ತಲೆಬಾಗಿ ಬರುತ್ತೇನೆ. ಅದು ನನ್ನ ಮನಸ್ಸಿಗೆ ಬಲ. ಆದರೆ ಮಕ್ಕಳಾಗದ ಜೋಡಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟರಲ್ಲಿ ಗಂಡಸಿನ ಕಡೆಯ ಕಾರಣವೂ ಇರುತ್ತದೆ. ಹೆಂಡತಿಗೆ ಸ್ಕ್ಯಾನಿಂಗ್ ಮೇಲೆ ಸ್ಕ್ಯಾನಿಂಗ್ ಮಾಡಿಸುವ ಮೊದಲು ಗಂಡನ ವೀರ್ಯ ಪರೀಕ್ಷೆ ಆಗಿಬಿಡಬೇಕು. ಅದರಲ್ಲಿ ನೋವಿಲ್ಲ, ಸೂಜಿಯೂ ಇಲ್ಲ.

ನಮ್ಮವರಿಗೆ ಹೀಗೆ ಕೂತು ಹೇಳಿದಾಗ ಒಂದು ಮಾತೂ ಎದುರಾಡಲಿಲ್ಲ. ‘ಯಾವಾಗ ಹೋಗಬೇಕು ಹೇಳು’ ಅಂದರು. ಆ ಪರೀಕ್ಷೆಗೆ ಮೊದಲು 2ರಿಂದ 7 ದಿನ ಸೇರದೆ ಇರಬೇಕು. ಹಾಗಾಗಿ ಅದನ್ನು ಸ್ಟ್ರಿಪ್ ನೋಡುವ ವಾರಕ್ಕೆ ಹಾಕಿಕೊಳ್ಳಬೇಡಿ, ತಿಂಗಳಿನ ಒಳ್ಳೆಯ ದಿನಗಳು ಹೋಗಿಬಿಡುತ್ತವೆ. ನಾನು ಮುಟ್ಟಾದ ವಾರ ಅವರನ್ನು ಲ್ಯಾಬಿಗೆ ಕಳಿಸಿದೆ. ತಂಗಿಗೂ ಅದನ್ನೇ ಹೇಳಿದ್ದೇನೆ.